ಹೊನ್ನಿನ ನಾಡಿನ ನೆನಪಿನ ಕಲ್ಲುಗಳು

ಕಾಗದದ ಮೇಲೆ ಬರೆದುದನ್ನು ನಾವು ಸಂದೇಹಿಸುವುದುಂಟು. ಕಲ್ಲಿನಲ್ಲಿ ಕೊರೆದುದಕ್ಕೆ ಎದುರಾಡುವವರು ವಿರಳ. ‘ಶಿಲಾಲಿಪಿ’ ಎಂಬ ಮಾತಿಗೆ ಅಷ್ಟು ಗೌರವ. ಆದರೆ ಕಲ್ಲು ಸುಳ್ಳಾಡದಿದ್ದರೂ ಮೌನವನ್ನಂತೂ ತಾಳಬಲ್ಲದು. ತನ್ನನ್ನು ನಿಲ್ಲಿಸಿದವರಿಗೆ ಬೇಕಾದುದನ್ನು ಹೇಳಿ, ಬೇಡವಾದುದನ್ನು ನುಂಗಿಕೊಂಡು ಸುಮ್ಮನಿರುವ ಕಲ್ಲುಗಳು ಲೋಕದಲ್ಲಿ ಎಷ್ಟೋ ಇವೆ. ಇದನ್ನು ಮನಗಾಣಬೇಕಾದರೆ ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದ ಎಲ್ ಡೊರಾಡೊ ಕೌಂಟಿಯನ್ನೊಮ್ಮೆ ಸುತ್ತಿ ಬರಬೇಕು.

ಕೌಂಟಿ ಎಂದರೆ ಸ್ಥೂಲವಾಗಿ ನಮ್ಮ ಜಿಲ್ಲೆ ಎನ್ನಬಹುದು. ಸಿಯೆರಾ ನೆವಾಡ ಪರ್ವತಗಳ ಪಶ್ಚಿಮದ ಇಳಿಜಾರಿನಲ್ಲಿರುವ ಈ ಕೌಂಟಿ ೧೮೫೦ರಲ್ಲಿ, ಕ್ಯಾಲಿಫೋರ್ನಿಯದ ಮೊದಲ ಇಪ್ಪತ್ತೇಳು ಕೌಂಟಿಗಳಲ್ಲಿ ಒಂದಾಗಿ ಹುಟ್ಟಿತು. ‘ಎಲ್ ಡೊರಾಡೊ’ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ‘ಹೊನ್ನು ಲೇಪಿಸಿದವನು’ ಎಂದರ್ಥ. ಹೆಸರಿಗೆ ತಕ್ಕಂತೆ ಇಲ್ಲಿನ ಹೆದ್ದಾರಿಗೂ ೪೯ ಎಂಬ ಸಂಖ್ಯೆ. ೧೮೪೯ರಲ್ಲಿ ಚಿನ್ನಕ್ಕಾಗಿ ಧಾವಿಸಿ ಬಂದವರ ನೆನಪಿಗಾಗಿ ಇಟ್ಟದ್ದು. ಈ ದಾರಿಯಲ್ಲಿ ಹೋಗುವವರಿಗೆ ತಿರುವಿಗೊಂದರಂತೆ ಸ್ಮಾರಕ ಫಲಕಗಳು ಎದುರಾಗುತ್ತವೆ. ೧೯೩೧ರ ಕಾಯಿದೆಯ ಮೇರೆಗೆ ಸಂಸ್ಥಾನವೇ ಐತಿಹಾಸಿಕ ಸ್ಥಳಗಳನ್ನು ನೋಂದಾಯಿಸಿ ಕ್ರಮಸಂಖ್ಯೆ ಕೊಡುತ್ತ ಬಂದಿದೆ. ಚಿನ್ನ ಮೊದಲು ಸಿಕ್ಕ ಸ್ಥಳದ ಸಂಖ್ಯೆ ೫೩೦. ಸರ್ಕಾರಿ ದಫ್ತರದಲ್ಲಿ ಸರದಿಗೂ ಮಹತ್ವಕ್ಕೂ ಸಂಬಂಧವಿರಬೇಕೆಂದೇನೂ ಇಲ್ಲವಷ್ಟೆ.

ಆ ಸ್ಥಳ ಕೊಲೋಮ ಎಂಬ ಕಣಿವೆಯ ಹಳ್ಳಿ. ಅಮೆರಿಕನ್ ನದಿಯ ದಕ್ಷಿಣ ಕವಲಿನ ದಡದಲ್ಲಿ ಜಾನ್ ಸಟರ್ ಎಂಬ ಭೂಮಾಲೀಕನಿಗಾಗಿ ಜೇಮ್ಸ್ ಮಾರ್ಷಲ್ ಎಂಬ ಬಡಗಿ ಮರ ಕೊಯ್ಯುವ ಗಿರಣಿಯೊಂದನ್ನು ಕಟ್ಟಿಸುತ್ತಿದ್ದನು. ಚಕ್ರವನ್ನು ತಿರುಗಿಸಿದ ನೀರು ಹೊರಹೋಗುವ ಕಾಲುವೆಯಲ್ಲಿ ೧೮೪೮ನೆಯ ಜನವರಿ ೨೪ರಂದು ಅವನ ಕಣ್ಣಿಗೆ ಹಳದಿಯ ಚೂರೊಂದು ಹೊಳೆಯಿತು. ವಿನೋದವೇನೆಂದರೆ, ಆ ದಿನ ಯಾವುದೆಂಬುದು ಮಾರ್ಷಲ್‌ಗೇ ಮುಂದೆ ಸರಿಯಾಗಿ ನೆನಪಿರಲಿಲ್ಲ. ಅವನ ಮಾತು ನಂಬಿದವರು ಬಹುಕಾಲ ೧೯ನೆಯ ತಾರೀಖನ್ನೇ ಹಿಡಿದಿದ್ದರು. ಅಲ್ಲಿ ಕೂಲಿಗಿದ್ದ ಹೆನ್ರಿ ಬಿಗ್ಲರ್ ಎಂಬವನು ತನ್ನ ದಿನಚರಿಯಲ್ಲಿ ಗೀಚಿಟ್ಟಿದ್ದ ಒಂದು ಸಾಲು ಕೊನೆಗೆ ವಿವಾದವನ್ನು ತೀರಿಸಿತು. ಕೂಲಿಯವನ ಪುಸ್ತಕ ಯಜಮಾನನ ನೆನಪಿಗಿಂತ ಗಟ್ಟಿಯಾಯಿತು.

ಚಿನ್ನ ಕಂಡ ಒಂಬತ್ತು ದಿನಗಳ ಮೇಲೆ, ಫೆಬ್ರವರಿ ೨ರಂದು, ಯುದ್ಧದಲ್ಲಿ ಸೋತ ಮೆಕ್ಸಿಕೋ ದೇಶವು ಕ್ಯಾಲಿಫೋರ್ನಿಯವನ್ನು ಅಮೆರಿಕಕ್ಕೆ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿತು. ಕೊಟ್ಟವರಿಗೂ ಗೊತ್ತಿಲ್ಲ, ಕೊಂಡವರಿಗೂ ಗೊತ್ತಿಲ್ಲ! ಸುದ್ದಿ ಹಬ್ಬಿದ ಮೇಲೆ ಏಳೆಂಟು ವರ್ಷಗಳಲ್ಲಿ ಸುಮಾರು ಮೂರು ಲಕ್ಷ ಜನ ಅಲ್ಲಿಗೆ ಬಂದು ಸೇರಿದರು. ಸಟರ್‌ನ ಹೊಲಗದ್ದೆಗಳನ್ನು ಆ ಜನಪ್ರವಾಹ ಕೊಚ್ಚಿಹಾಕಿತು. ಅವನು ಪರಿಹಾರಕ್ಕಾಗಿ ಸರ್ಕಾರದ ಬಾಗಿಲು ಕಾಯುತ್ತಲೇ ೧೮೮೦ರಲ್ಲಿ ವಾಷಿಂಗ್ಟನ್ ನಗರದಲ್ಲಿ ತೀರಿಕೊಂಡನು. ಮಾರ್ಷಲ್‌ನ ಪಾಡೂ ಅಷ್ಟೆ. ೧೮೭೨ರಲ್ಲಿ ಶಾಸನಸಭೆ ಅವನಿಗೆ ತಿಂಗಳಿಗೆ ಇನ್ನೂರು ಡಾಲರಿನ ವೇತನ ಕೊಟ್ಟಿತು. ಬಳಿಕ ಅದನ್ನು ಅರ್ಧಕ್ಕಿಳಿಸಿ, ೧೮೭೮ರಲ್ಲಿ ನಿಲ್ಲಿಸಿಯೇ ಬಿಟ್ಟಿತು. ೧೮೮೫ರಲ್ಲಿ ಅವನು ಬಡತನದಲ್ಲಿ ಸತ್ತನು. ೧೮೯೦ರಲ್ಲಿ ಅದೇ ಸಂಸ್ಥಾನವು ಕೊಲೋಮದ ಗುಡ್ಡದ ಮೇಲೆ ಅವನ ದೊಡ್ಡ ಪ್ರತಿಮೆಯನ್ನು ನಿಲ್ಲಿಸಿತು. ಇಂದಿಗೂ ಆ ಪ್ರತಿಮೆ ಕೈಚಾಚಿ, ಚಿನ್ನ ಸಿಕ್ಕ ಜಾಗವನ್ನು ತೋರಿಸುತ್ತ ನಿಂತಿದೆ. ಬದುಕಿದ್ದಾಗ ಅನ್ನ ತಪ್ಪಿಸಿ, ಸತ್ತ ಮೇಲೆ ಕಲ್ಲು ನಿಲ್ಲಿಸುವ ಪದ್ಧತಿ ಯಾವ ಒಂದು ದೇಶದ ಸ್ವತ್ತೂ ಅಲ್ಲ.

ಮಾರ್ಷಲ್‌ನ ಬೆರಳು ತೋರಿಸುವತ್ತ ಎಲ್ಲರೂ ನೋಡುತ್ತಾರೆ. ಅದು ತೋರಿಸದಿರುವತ್ತಲೂ ನಾವು ಸ್ವಲ್ಪ ಕಣ್ಣು ಹಾಯಿಸೋಣ.

ಆ ಕಾಲುವೆಯನ್ನು ತೋಡಿದವರಲ್ಲಿ ನಿಸೆನಾನ್ ಎಂಬ ಆದಿವಾಸಿಗಳೂ ಇದ್ದರು. ಕಣಿವೆ ಅವರದು, ಕೊಲೋಮ ಎಂಬ ಹೆಸರೂ ಅವರದೇ. ಇಂದು ಅಲ್ಲಿರುವ ಐತಿಹಾಸಿಕ ಉದ್ಯಾನದಲ್ಲಿ ಒಂದು ಬಂಡೆಯುಂಟು; ಅದರ ಮೈತುಂಬ ಒರಳಿನಂಥ ಗುಳಿಗಳು. ನಿಸೆನಾನ್ ಹೆಂಗಸರು ಓಕ್ ಮರದ ಕಾಯಿಗಳನ್ನು ಕುಟ್ಟಿ ಕುಟ್ಟಿ, ತಲೆಮಾರುಗಳ ಕಾಲ ಸವೆದು ಆದ ಗುಳಿಗಳವು. ಯಾರೂ ಅಕ್ಷರ ಕೆತ್ತದಿದ್ದರೂ ಆ ಕೌಂಟಿಯ ಅತಿ ಹಳೆಯ ಶಾಸನಗಳಲ್ಲಿ ಇದೂ ಒಂದೆನ್ನಬೇಕು. ೧೮೪೮ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಸುಮಾರು ಒಂದೂವರೆ ಲಕ್ಷ ಆದಿವಾಸಿಗಳಿದ್ದರೆಂದು ಅಂದಾಜು. ೧೮೭೦ರ ಹೊತ್ತಿಗೆ ಉಳಿದವರು ಸುಮಾರು ಮೂವತ್ತು ಸಾವಿರ. ರೋಗ, ಹಸಿವು, ಬಂದೂಕು ಮೂರೂ ಕೂಡಿ ಈ ಕೆಲಸ ಮಾಡಿದವು. ಅವರನ್ನು ಹಿಡಿದು ಜೀತಕ್ಕಿಡಲು ೧೮೫೦ರ ಕಾಯಿದೆಯೊಂದು ಅನುಕೂಲ ಮಾಡಿಕೊಟ್ಟಿತ್ತು. ಆ ಕಾಯಿದೆಯ ಹೆಸರಿನಲ್ಲಿ ‘ರಕ್ಷಣೆ’ ಎಂಬ ಮಾತೂ ಇತ್ತು! ೨೦೧೯ರಲ್ಲಿ ಸಂಸ್ಥಾನದ ಗವರ್ನರರು ಇದನ್ನು ಜನಾಂಗಹತ್ಯೆಯೆಂದು ಒಪ್ಪಿ ಕ್ಷಮೆ ಬೇಡಿದರು.

ಅದೇ ಹಳ್ಳಿಯಲ್ಲಿ ಕಲ್ಲಿನ ಗೋಡೆಯ ಎರಡು ಹಳೆಯ ಅಂಗಡಿಗಳು ನಿಂತಿವೆ. ಮಾನ್ ಲೀ, ವಾ ಹಾಪ್ ಎಂಬ ಚೀನೀ ಹೆಸರುಗಳಿಂದ ಅವು ಪ್ರಸಿದ್ಧ. ಗಣಿಗಾರರಿಗೆ ಸಾಮಾನು ಮಾರಿದ ಚೀನೀಯರು ಚಿನ್ನವನ್ನೂ ಸೋಸಿದರು. ಆದರೆ ಪರದೇಶಿ ಗಣಿಗಾರರ ಮೇಲಿನ ತೆರಿಗೆ ಅವರನ್ನು ಹಿಂಡಿತು. ೧೮೫೦ರಲ್ಲಿ ತಿಂಗಳಿಗೆ ಇಪ್ಪತ್ತು ಡಾಲರಿದ್ದ ಈ ತೆರಿಗೆ ಮರುವರ್ಷವೇ ರದ್ದಾಯಿತಾದರೂ, ೧೮೫೨ರಲ್ಲಿ ಮೂರು ಡಾಲರಿನ ರೂಪದಲ್ಲಿ ಮತ್ತೆ ತಲೆಯೆತ್ತಿ ೧೮೭೦ರವರೆಗೂ ಬಾಳಿತು.

ನ್ಯಾನ್ಸಿ ಗೂಚ್ ಎಂಬಾಕೆಯ ಕಥೆಯನ್ನು ನಮ್ಮ ಮನೆಗಳ ತಾಯಂದಿರು ಕೇಳಲೇಬೇಕು. ೧೮೪೯ರಲ್ಲಿ ಆಕೆಯನ್ನೂ ಆಕೆಯ ಗಂಡ ಪೀಟರ್‌ನನ್ನೂ ಗುಲಾಮರನ್ನಾಗಿ ಕೊಲೋಮಕ್ಕೆ ಕರೆತಂದರು. ಮಗನೊಬ್ಬನು ದೂರದ ಮಿಸ್ಸೂರಿಯಲ್ಲಿ ಗುಲಾಮನಾಗಿಯೇ ಉಳಿದನು. ೧೮೫೦ರಲ್ಲಿ ಕ್ಯಾಲಿಫೋರ್ನಿಯವು ಗುಲಾಮಗಿರಿಯಿಲ್ಲದ ಸಂಸ್ಥಾನವಾಗಿ ಒಕ್ಕೂಟವನ್ನು ಸೇರಿದಾಗ ದಂಪತಿಗಳಿಗೆ ಬಿಡುಗಡೆಯಾಯಿತು. ಗಣಿಗಾರರ ಬಟ್ಟೆ ಒಗೆದು, ಅಡಿಗೆ ಮಾಡಿ ನ್ಯಾನ್ಸಿ ಕಾಸಿಗೆ ಕಾಸು ಕೂಡಿಸಿದಳು. ೧೮೭೦ರಲ್ಲಿ, ಇಪ್ಪತ್ತು ವರ್ಷಗಳಾದ ಮೇಲೆ, ಮಗ ಆಂಡ್ರ್ಯೂ ಮನ್ರೋ ಹೆಂಡತಿ ಮಕ್ಕಳೊಡನೆ ತಾಯಿಯ ಬಳಿಗೆ ಬಂದನು. ಆ ಮನೆತನ ಹಣ್ಣಿನ ತೋಟ ಬೆಳೆಸಿ, ಜಮೀನು ಕೊಂಡಿತು. ಮಾರ್ಷಲ್ ಚಿನ್ನ ಕಂಡ ಆ ಗಿರಣಿಯ ನೆಲವೂ ಅವರ ಕೈಸೇರಿತು! ೧೯೪೦ರ ದಶಕದಲ್ಲಿ ಉದ್ಯಾನಕ್ಕಾಗಿ ಅದು ಸರ್ಕಾರದ ವಶವಾಯಿತು. ಚಿನ್ನ ಹೆಕ್ಕಲು ಬಂದ ಸಾವಿರಾರು ಗಂಡಸರು ಬರಿಗೈಯಲ್ಲಿ ಹಿಂದಿರುಗಿದ ಊರಿನಲ್ಲಿ ಬಟ್ಟೆ ಒಗೆದ ತಾಯಿಯೊಬ್ಬಳು ಗೆದ್ದಳು. ಗುಡ್ಡದ ಮೇಲಿನ ಪ್ರತಿಮೆ ಮಾತ್ರ ಆಕೆಯದಲ್ಲ.

ಕೊಲೋಮದ ಸಮೀಪದಲ್ಲೇ ಗೋಲ್ಡ್ ಹಿಲ್ ಎಂಬಲ್ಲಿ ಇನ್ನೊಂದು ಪುಟ್ಟ ಕಲ್ಲುಂಟು. ಜಪಾನಿನ ಅಂತರ್ಯುದ್ಧದಲ್ಲಿ ಸೋತ ಐಜು ಸೀಮೆಯ ಕೆಲವರು ೧೮೬೯ರಲ್ಲಿ ಶ್ನೆಲ್ ಎಂಬ ಐರೋಪ್ಯ ವರ್ತಕನೊಡನೆ ಹಡಗೇರಿ ಇಲ್ಲಿಗೆ ಬಂದರು. ಅವರು ತಂದದ್ದು ಸಲಿಕೆ ಗುದ್ದಲಿಗಳನ್ನಲ್ಲ, ಹಿಪ್ಪುನೇರಳೆಯ ಸಸಿಗಳನ್ನು, ಚಹದ ಬೀಜಗಳನ್ನು. ರೇಷ್ಮೆಯ ಕಷ್ಟಸುಖ ಬಲ್ಲ ನಮ್ಮ ಸೀಮೆಯವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ನೀರು ಸಾಲದೆ, ಹಣ ಸಾಲದೆ ಎರಡೇ ವರ್ಷಗಳಲ್ಲಿ ವಸಾಹತು ಮುರಿಯಿತು. ಶ್ನೆಲ್ ಹೊರಟುಹೋದವನು ಹಿಂದಿರುಗಲಿಲ್ಲ. ಅವರೊಡನೆ ಬಂದಿದ್ದ ಓಕೇ ಎಂಬ ಹುಡುಗಿ ೧೮೭೧ರಲ್ಲಿ ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ಸಂಗಡಿಗರು ನಿಲ್ಲಿಸಿದ ಸಮಾಧಿಯ ಕಲ್ಲಿನಲ್ಲಿ ಹೆಸರು, ವರ್ಷ, ವಯಸ್ಸು, ಜಪಾನಿನ ಹುಡುಗಿ ಎಂಬ ಮಾತು—ಇಷ್ಟೇ. ನೂರು ವರ್ಷ ತುಂಬಿದಾಗ, ೧೯೬೯ರಲ್ಲಿ, ಸಂಸ್ಥಾನವು ಆ ವಸಾಹತಿಗೆ ೮೧೫ನೆಯ ಸಂಖ್ಯೆಯ ಫಲಕ ಕೊಟ್ಟಿತು. ಇಂದು ದೂರದ ಜಪಾನಿನಿಂದಲೂ ಜನ ಬಂದು ಅಲ್ಲಿ ತಲೆಬಾಗುತ್ತಾರೆ.

ಇನ್ನು ಕೌಂಟಿಯ ಮುಖ್ಯ ಪಟ್ಟಣವಾದ ಪ್ಲಾಸರ್‌ವಿಲ್. ಅಲ್ಲಿ ಒಂದು ಫಲಕ ಜಾನ್ ಸ್ಟುಡಿಬೇಕರ್‌ನ ಅಂಗಡಿಯಿದ್ದ ಜಾಗವನ್ನು ತೋರಿಸುತ್ತದೆ. ೧೮೫೩ರಲ್ಲಿ ಬಂದ ಈ ಹುಡುಗ ಚಿನ್ನ ಅಗೆಯದೆ, ಅಗೆಯುವವರಿಗೆ ಒಂಟಿ ಚಕ್ರದ ಕೈಗಾಡಿಗಳನ್ನು ಮಾಡಿ ಮಾರಿದನು. ಐದು ವರ್ಷದಲ್ಲಿ ಎಂಟು ಸಾವಿರ ಡಾಲರ್ ಕೂಡಿಸಿ ಊರಿಗೆ ಹೋಗಿ ಅಣ್ಣಂದಿರ ಬಂಡಿ ಕಾರ್ಖಾನೆಗೆ ಹಾಕಿದನು. ೧೯೬೬ರವರೆಗೂ ತಯಾರಾಗುತ್ತಿದ್ದ ಸ್ಟುಡಿಬೇಕರ್ ಮೋಟಾರುಗಳ ಬೇರು ಇಲ್ಲಿತ್ತು.

ಅದೇ ಬೀದಿಯ ಇನ್ನೊಂದು ಫಲಕ ನೇಣಿನ ಮರವಿದ್ದ ಜಾಗದ್ದು. ೧೮೪೯ರಲ್ಲಿ ಜನಜಂಗುಳಿಯೇ ನ್ಯಾಯ ವಿಚಾರಿಸಿ, ಜನಜಂಗುಳಿಯೇ ಗಲ್ಲಿಗೇರಿಸಿದ್ದರಿಂದ ಊರಿಗೆ ‘ಹ್ಯಾಂಗ್‌ಟೌನ್’, ಅಂದರೆ ನೇಣೂರು, ಎಂಬ ಹೆಸರು ಬಿದ್ದಿತ್ತು. ಮುಂದೆ ಊರು ಹೆಸರು ಬದಲಿಸಿಕೊಂಡರೂ ನೇಣಿನ ಕುಣಿಕೆ ಮಾತ್ರ ಪುರಸಭೆಯ ಲಾಂಛನದಲ್ಲಿ ಸೇರಿಕೊಂಡಿತು. ೨೦೨೧ರಲ್ಲಿ ಅದು ಬೇಕೆ ಬೇಡವೆ ಎಂದು ದೊಡ್ಡ ಚರ್ಚೆ ನಡೆದು, ಪುರಸಭೆಯು ಕುಣಿಕೆಯನ್ನು ತೆಗೆದುಹಾಕಲು ನಿರ್ಣಯಿಸಿತು. ಇತಿಹಾಸವನ್ನು ಅಳಿಸಿದರೆಂದು ಕೆಲವರು ನೊಂದರು. ನೆನಪಿಟ್ಟುಕೊಳ್ಳುವುದು ಬೇರೆ, ಕೊರಳಿಗೆ ಪದಕ ಮಾಡಿ ಧರಿಸುವುದು ಬೇರೆ ಎಂಬುದು ಈ ಲೇಖಕನ ಅಭಿಪ್ರಾಯ.

ಫಲಕಗಳನ್ನು ನಿಲ್ಲಿಸುವವರು ಸರ್ಕಾರದವರು ಮಾತ್ರವಲ್ಲ. ಗಣಿಗಾರರ ಕಾಲದ ಹಾಸ್ಯಕೂಟವೊಂದನ್ನು ೧೯೩೧ರಲ್ಲಿ ಇತಿಹಾಸಪ್ರಿಯರು ಪುನರುಜ್ಜೀವಿಸಿದರು. ಇ ಕ್ಲಾಂಪಸ್ ವೈಟಸ್ ಎಂಬ, ಅರ್ಥವಿಲ್ಲದ ಲ್ಯಾಟಿನ್ ಹೆಸರಿನ ಈ ಕೂಟ ಕ್ಯಾಲಿಫೋರ್ನಿಯದ ತುಂಬ ನೂರಾರು ಫಲಕಗಳನ್ನು ನೆಟ್ಟಿದೆ. ಇದರವರ ತಮಾಷೆಗೆ ಎಣೆಯಿಲ್ಲ. ೧೫೭೯ರಲ್ಲಿ ಫ್ರಾನ್ಸಿಸ್ ಡ್ರೇಕ್ ಎಂಬ ಆಂಗ್ಲ ನಾವಿಕನು ಬಿಟ್ಟುಹೋದದ್ದೆಂದು ಹೇಳಲಾದ ಹಿತ್ತಾಳೆಯ ತಗಡೊಂದು ೧೯೩೬ರಲ್ಲಿ ಸಿಕ್ಕಿತು. ಈ ಕೂಟದ ಸದಸ್ಯರೂ ಆಗಿದ್ದ ದೊಡ್ಡ ಇತಿಹಾಸಕಾರ ಹರ್ಬರ್ಟ್ ಬೋಲ್ಟನ್ನರು ಅದನ್ನು ನಿಜವೆಂದು ಸಾರಿದರು. ೧೯೭೭ರ ಪರೀಕ್ಷೆಯಲ್ಲಿ ಅದು ನವೀನ ಲೋಹವೆಂದು ತಿಳಿದುಬಂತು. ಗೆಳೆಯರೇ ಅವರನ್ನು ಏಮಾರಿಸಲು ಮಾಡಿದ ಕುಚೋದ್ಯವದೆಂದು ೨೦೦೩ರಲ್ಲಿ ಸಂಶೋಧಕರು ಹೊರಗೆಡವಿದರು. ಲೋಹದಲ್ಲಿ ಕೊರೆದದ್ದೆಲ್ಲ ಸತ್ಯವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಇದೆಲ್ಲ ಎಲ್ಲಿಯ ಕಥೆಯೋ ಎಂದು ವಾಚಕರು ಹಾಳೆ ಮಗುಚದಿರಲಿ. ಎಲ್ ಡೊರಾಡೊದಿಂದ ಉತ್ತರಕ್ಕೆ ಹೋದರೆ ನೆವಾಡ ಕೌಂಟಿಯ ಗ್ರಾಸ್ ವ್ಯಾಲಿ ಸಿಕ್ಕುತ್ತದೆ. ಅಲ್ಲಿನ ಆಳದ ಗಣಿಗಳಿಗೆ ಇಳಿದವರು ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಗಣಿಗಾರರು. ಅದೇ ಸೀಮೆಯವರು, ಅದೇ ಕಸಬಿನವರು, ೧೮೮೦ರಲ್ಲಿ ಜಾನ್ ಟೇಲರ್ ಕಂಪೆನಿಯು ನಮ್ಮ ಕೋಲಾರದಲ್ಲಿ ಕಾಲಿಟ್ಟ ಮೇಲೆ ಇಲ್ಲಿಗೂ ಬಂದರು. ಗ್ರಾಸ್ ವ್ಯಾಲಿಯ ಎಂಪೈರ್ ಗಣಿ ೧೯೫೬ರಲ್ಲಿ ಮುಚ್ಚಿ, ಈಗ ಜನ ನೋಡಿಬರುವ ಉದ್ಯಾನವಾಗಿದೆ. ಕೋಲಾರದ ಗಣಿಗಳು ೨೦೦೧ನೆಯ ಫೆಬ್ರವರಿ ೨೮ರಂದು ಮುಚ್ಚಿದವು. ನಮ್ಮಲ್ಲೂ ನೆನಪಿನ ಕಲ್ಲುಗಳನ್ನು ನಿಲ್ಲಿಸುವ ಮಾತು ಬಂದಾಗ ಕಂಪೆನಿಯ ಹೆಸರು, ಸಾಹೇಬರ ಹೆಸರು ತಾವಾಗಿಯೇ ಬಂದು ಕೂರುತ್ತವೆ. ಕೆಳಗಿಳಿದು ದುಡಿದ ತಮಿಳು, ತೆಲುಗು, ಕನ್ನಡದ ಕೂಲಿಗಳ ಹೆಸರನ್ನು ಮಾತ್ರ ಯಾರಾದರೂ ಹುಡುಕಿ ತರಬೇಕಾಗುತ್ತದೆ. ಕೆಲಸ ಮಾಡಿದವರ ಮಕ್ಕಳು ಮೊಮ್ಮಕ್ಕಳು ಇನ್ನೂ ಅಲ್ಲೇ ಇರುವುದರಿಂದ ಹುಡುಕಲು ಕಾಲ ಮಿಂಚಿಲ್ಲ.

ಎಲ್ ಡೊರಾಡೊದವರು ಮಾರ್ಷಲ್‌ನನ್ನು ಗುಡ್ಡದಿಂದ ಇಳಿಸಲಿಲ್ಲ, ಇಳಿಸಬೇಕಾದುದೂ ಇಲ್ಲ. ಅವನ ಕಲ್ಲಿನ ಸುತ್ತ ಓಕೇಯ ಕಲ್ಲನ್ನೂ ಚೀನೀ ಅಂಗಡಿಯನ್ನೂ ಒರಳುಬಂಡೆಯನ್ನೂ ಕಾಪಾಡಿಕೊಂಡರು. ನ್ಯಾನ್ಸಿಯ ಕಥೆಯನ್ನು ಈಚೆಗಾದರೂ ಬಾಯಿಬಿಟ್ಟು ಹೇಳುತ್ತಿದ್ದಾರೆ. ರಜೆಯಲ್ಲಿ ಮಕ್ಕಳನ್ನು ಹಳೆಯ ಊರುಗಳಿಗೆ ಕರೆದುಕೊಂಡು ಹೋದಾಗ ನಾವೂ ಫಲಕದ ಮುಂದೆ ಅರೆಗಳಿಗೆ ನಿಂತು, ಇದನ್ನು ನಿಲ್ಲಿಸಿದವರು ಯಾರು, ಯಾವಾಗ ನಿಲ್ಲಿಸಿದರು, ಇಲ್ಲಿ ದುಡಿದವರಲ್ಲಿ ಯಾರ ಹೆಸರು ಇದರಲ್ಲಿಲ್ಲ ಎಂದು ಕೇಳಿಸೋಣ. ಉತ್ತರ ಗೊತ್ತಿರುವ ಹಿರಿಯರೊಬ್ಬರು ಆ ಊರಿನ ಯಾವುದಾದರೂ ಜಗಲಿಯ ಮೇಲೆ ಕುಳಿತಿದ್ದರೂ ಇರಬಹುದು.