ಆಷಾಢದ ಸೇಲೂ, ಆಡದ ಆಟಗಳೂ

ನಮ್ಮ ಕಡೆ ಆಷಾಢ ಬಂತು ಅಂದ್ರೆ ಮದುವೆ-ಮುಂಜಿ ಬಂದ್, ಹೊಸ ಸೊಸೆ ತವರುಮನೆಗೆ, ಬಟ್ಟೆ ಅಂಗಡಿಗಳ ಮುಂದೆ ಮಾತ್ರ ಜಾತ್ರೆ! ಒಂದು ಸೀರೆ ತರೋಕೆ ಹೋದ ನಮ್ಮಮ್ಮ ಮೂರು ತಂದು, "ಒಂದರ ದುಡ್ಡಲ್ಲಿ ಮೂರು ಬಂತು ನೋಡಿ" ಅಂತ ಹೆಮ್ಮೆಯಿಂದ ಹೇಳೋರು. ಅಪ್ಪ ಪೇಪರಿಂದ ತಲೆ ಎತ್ತದೇನೇ "ಮೂರನ್ನೂ ಒಟ್ಟಿಗೇ ಉಟ್ಕೋತೀಯಾ?" ಅಂತ ಕೇಳೋರು. ಆಮೇಲಿನ ಸಂಭಾಷಣೆ ಇಲ್ಲಿ ಬೇಡ ಬಿಡಿ.

ನಾನಿರೋ ಸಿಯಾಟಲ್‌ನಲ್ಲಿ ಆಷಾಢ ಅಂದ್ರೆ ಯಾರಿಗೂ ಗೊತ್ತಿಲ್ಲ. ಆದ್ರೆ ಸೇಲ್ ಮಾತ್ರ ಹೆಚ್ಚುಕಮ್ಮಿ ಅದೇ ಹೊತ್ತಿಗೆ ಬರುತ್ತೆ, ವಿಡಿಯೋ ಗೇಮುಗಳ ಸೇಲ್. 2025ರಲ್ಲಂತೂ ಸ್ಟೀಮ್‌ನ ಬೇಸಿಗೆ ಸೇಲ್ ಶುರುವಾಗಿದ್ದು ಜೂನ್ 26ಕ್ಕೆ, ಪಂಚಾಂಗ ನೋಡಿದ್ರೆ ಅವತ್ತೇ ಆಷಾಢ ಶುದ್ಧ ಪಾಡ್ಯ! ಗೊತ್ತಿಲ್ಲದವರಿಗೆ ಒಂದು ಮಾತು: ಸ್ಟೀಮ್ ಅನ್ನೋದು ಕಂಪ್ಯೂಟರ್ ಆಟಗಳನ್ನ ಇಂಟರ್ನೆಟ್ಟಲ್ಲೇ ಮಾರೋ ಅಂಗಡಿ. ವಾಲ್ವ್ ಅನ್ನೋ ಕಂಪನಿ 2003ರಲ್ಲಿ ಶುರುಮಾಡಿದ್ದು. ಅವರ ಆಫೀಸು ಇಲ್ಲೇ, ನಮ್ಮ ಸರೋವರ ದಾಟಿದ್ರೆ ಸಿಗೋ ಬೆಲ್‌ವ್ಯೂ ಊರಲ್ಲಿ. ವರ್ಷಕ್ಕೆ ನಾಲ್ಕು ದೊಡ್ಡ ಸೇಲು, ಋತುವಿಗೊಂದು. ಅರವತ್ತು ಡಾಲರಿನ ಆಟ ಹದಿನೈದಕ್ಕೆ, ಹತ್ತರದ್ದು ಎರಡಕ್ಕೆ. ಎರಡು ಡಾಲರಿಗೆ ಈ ಊರಲ್ಲಿ ನೆಟ್ಟಗೆ ಒಂದು ಲೋಟ ಕಾಫಿ ಸಿಗಲ್ಲ ಸ್ವಾಮೀ!

ಹಾಗಾದ್ರೆ ಕಣ್ಣು ಮುಚ್ಚಿ ಕೊಂಡ್ಕೊಂಡ್ರೆ ಲಾಭಾನೇ ಅಲ್ವಾ? ಈ ಪ್ರಶ್ನೆಯನ್ನ ನನಗೆ ಕೇಳಿದ್ದು ನನ್ನ ತಮ್ಮ. ಮೈಸೂರಲ್ಲಿ ಇಂಜಿನಿಯರಿಂಗ್ ಓದ್ತಾ ಇದ್ದಾನೆ, ಹಾಸ್ಟೆಲ್ ವಾಸ. ಒಂದಿನ ಮೆಸೇಜು ಬಂತು:

"ಅಣ್ಣಾ, ಹನ್ನೊಂದು ಆಟ, ಎಲ್ಲಾ ಸೇರಿ ಸಾವಿರದ ಚಿಲ್ಲರೆ. ಪೂರ್ತಿ ಬೆಲೆ ಆಗಿದ್ರೆ ಆರು ಸಾವಿರ! ತಗೊಳ್ಲಾ?"

"ಇದ್ರಲ್ಲಿ ಇವತ್ತು ರಾತ್ರಿ ಯಾವುದು ಆಡ್ತೀಯೋ?"

"ಇವತ್ತಾ? ನಾಳೆ ಇಂಟರ್ನಲ್ಸ್ ಇದೆಯಲ್ಲಣ್ಣ..."

ಆ ಸಾವಿರ ರೂಪಾಯಿ ಎಲ್ಲಿಂದ ಬಂದಿದ್ದು ಅಂತ ನನಗೆ ಗೊತ್ತು. ಅಪ್ಪ ಜೋಳ ಮಾರಿ ಕಳಿಸಿದ ದುಡ್ಡಲ್ಲಿ, ಸಂಜೆ ತಿಂಡಿ ಬಿಟ್ಟು ಉಳಿಸಿದ್ದು. ಹಾಗಾಗಿ "ತಗೋ" ಅಥವಾ "ಬೇಡ" ಅಂತ ಒಂದೇ ಪದದಲ್ಲಿ ಉತ್ತರ ಕೊಡೋ ಬದಲು, ಕೂತು ಲೆಕ್ಕ ಹಾಕಿ ಹೇಳಿದೆ. ಅದನ್ನೇ ಇವತ್ತು ನಿಮ್ಮ ಮುಂದಿಡ್ತಾ ಇದ್ದೀನಿ.

ಮೊದಲನೇದು, ಇಷ್ಟು ಅಗ್ಗಕ್ಕೆ ಯಾಕೆ ಕೊಡ್ತಾರೆ? ಬಟ್ಟೆ ಅಂಗಡಿಯವನಿಗೆ ಗೋದಾಮು ಖಾಲಿಯಾಗಬೇಕು, ಶ್ರಾವಣಕ್ಕೆ ಹೊಸ ಮಾಲು ಇಳಿಬೇಕು. ಸಾಫ್ಟ್‌ವೇರಿಗೆ ಗೋದಾಮಿಲ್ಲ. ಮೊದಲ ಪ್ರತಿ ಮಾಡೋಕೆ ಕೋಟಿಗಟ್ಟಲೆ ಖರ್ಚು, ಎರಡನೇ ಪ್ರತಿಗೆ ಬಹುತೇಕ ಸೊನ್ನೆ. ಹಾಗಾಗಿ ಆತುರ ಇರೋರಿಗೆ ಮೊದಲ ದಿನ ಪೂರ್ತಿ ಬೆಲೆಗೆ, ಸ್ವಲ್ಪ ಕಾಯೋರಿಗೆ ಮುಕ್ಕಾಲಿಗೆ, ಪೂರ್ತಿ ಜಿಪುಣರಿಗೆ ಕಾಲು ಬೆಲೆಗೆ ಮಾರಿದ್ರೆ ಮೂರು ಕಡೆಯಿಂದಲೂ ದುಡ್ಡು. ವಾಲ್ವ್‌ನ ಮುಖ್ಯಸ್ಥ ಗೇಬ್ ನ್ಯೂವೆಲ್ 2009ರಲ್ಲಿ ಒಂದು ಸಮ್ಮೇಳನದಲ್ಲಿ ತಮ್ಮ ಸೇಲಿನ ಅಂಕಿಅಂಶ ಬಿಚ್ಚಿಟ್ಟಿದ್ರು. ಬೆಲೆ 10% ಇಳಿಸಿದಾಗ ಆದಾಯ 35% ಏರಿತಂತೆ. 25% ಇಳಿಸಿದಾಗ 245%, ಅರ್ಧಕ್ಕೆ ಇಳಿಸಿದಾಗ 320%, ಮುಕ್ಕಾಲು ಇಳಿಸಿದಾಗ 1470%! ಮಾರಾಟವಾದ ಪ್ರತಿಗಳ ಲೆಕ್ಕ ಅಲ್ಲ ಇದು, ಕೈಗೆ ಬಂದ ಡಾಲರಿನ ಲೆಕ್ಕ. ಅಂದ್ರೆ ಸೇಲ್ ಅನ್ನೋದು ನಮ್ಮ ಮೇಲಿನ ಕರುಣೆಯಿಂದ ಮಾಡೋ ಅನ್ನದಾನ ಅಲ್ಲ. ಹಾಗಂತ ಮೋಸಾನೂ ಅಲ್ಲ, ವ್ಯಾಪಾರ.

ಎರಡನೇದು, ಕೊಂಡಿದ್ದನ್ನ ಜನ ಆಡ್ತಾರಾ? ಆರ್ಸ್ ಟೆಕ್ನಿಕಾ ಪತ್ರಿಕೆ 2014ರಲ್ಲಿ ಸ್ಟೀಮ್ ಖಾತೆಗಳ ಮಾಹಿತಿ ಜಾಲಾಡಿ ಒಂದು ಅಂದಾಜು ಕೊಟ್ಟಿತ್ತು. ಖಾತೆಗಳಲ್ಲಿದ್ದ ಒಟ್ಟು ಆಟಗಳಲ್ಲಿ ಹತ್ತಿರ ಹತ್ತಿರ 37% ಒಂದು ಸಲಾನೂ ತೆರೆದೇ ಇಲ್ಲ! ಇನ್ನೊಂದು ಲೆಕ್ಕ ಸ್ಟೀಮ್‌ನವರೇ ಕೊಟ್ಟಿದ್ದು: 2024ರ ಇಡೀ ವರ್ಷದಲ್ಲಿ ನಟ್ಟನಡುವಿನ ಬಳಕೆದಾರ ಆಡಿದ್ದು ನಾಲ್ಕೇ ನಾಲ್ಕು ಆಟ. ಅದೂ ಆಡಿದ ಒಟ್ಟು ಹೊತ್ತಿನಲ್ಲಿ ಆ ವರ್ಷದ ಹೊಸ ಆಟಗಳ ಪಾಲು 15% ಮಾತ್ರ, ಉಳಿದದ್ದೆಲ್ಲ ಹಳೇದು. ವರ್ಷಕ್ಕೆ ನಾಲ್ಕು ಸೇಲು, ವರ್ಷಕ್ಕೆ ನಾಲ್ಕು ಆಟ. ಅಂದ್ರೆ ಒಂದು ಸೇಲಿಗೆ ಒಂದು ಆಟ ಕೊಂಡ್ರೆ ಸಾಕಾಯ್ತು. ತಮ್ಮನ ಪಟ್ಟೀಲಿ ಹನ್ನೊಂದಿತ್ತು.

ಯಾಕೆ ಹೀಗಾಗುತ್ತೆ? ನನಗನ್ನಿಸೋದು ಇಷ್ಟು. ಸೇಲಲ್ಲಿ ನಾವು ಕೊಳ್ಳೋದು ಆಟವನ್ನಲ್ಲ, ಆಡೋಕೆ ಮುಂದೆ ಸಿಗುತ್ತೆ ಅಂದ್ಕೊಂಡ ಸಮಯವನ್ನ. ನೂರು ಗಂಟೆಯ ಆಟ ಹತ್ತು ಡಾಲರಿಗೆ ಕಂಡಾಗ, ಆ ನೂರು ಗಂಟೆಯ ರಜಾನೂ ಜೊತೆಗೇ ಬಂತು ಅನ್ನಿಸಿಬಿಡುತ್ತೆ. ಆಟದ ಬೆಲೆ ಇಳಿಯುತ್ತೆ, ಆದ್ರೆ ನಮ್ಮ ಶನಿವಾರದ ಬೆಲೆ ಇಳಿಯಲ್ಲ ನೋಡಿ. ಇಪ್ಪತ್ತರ ಹುಡುಗನಿಗೆ ಸಮಯ ಇರುತ್ತೆ, ದುಡ್ಡಿರಲ್ಲ. ನನ್ನಂಥವನಿಗೆ ಹತ್ತು ಡಾಲರ್ ಲೆಕ್ಕಕ್ಕಿಲ್ಲ, ಆದ್ರೆ ಆನ್-ಕಾಲ್ ಇಲ್ಲದ, ಬಟ್ಟೆ ಒಗೆಯೋದಿಲ್ಲದ, ಊರಿಂದ ಫೋನ್ ಬರದ ಎರಡು ಗಂಟೆ ಹುಡುಕಬೇಕು. ಇಬ್ಬರಿಗೂ ಒಂದೇ ಸೇಲು, ಆದ್ರೆ ಇಬ್ಬರ ನಷ್ಟಾನೂ ಬೇರೆ ಬೇರೆ.

ನನ್ನ ವಯಸ್ಸಿನವರಿಗೆ ನೆನಪಿರಬಹುದು, ಟೀವಿಗೆ ಸಿಕ್ಕಿಸೋ ವಿಡಿಯೋ ಗೇಮು, ಅದಕ್ಕೊಂದು ಹಳದಿ ಕ್ಯಾಸೆಟ್ಟು. ಮೇಲೆ '9999 ಆಟಗಳು' ಅಂತ ಅಚ್ಚು. ಹಾಕಿ ನೋಡಿದ್ರೆ ಇರ್ತಿದ್ದಿದ್ದು ಮಾರಿಯೋ, ಕಾಂಟ್ರಾ, ಬಾತುಕೋಳಿ ಹೊಡೆಯೋದು, ಕಾರು ಓಡಿಸೋದು. ಅವೇ ತಿರುಗಾ ಮುರುಗಾ ಬರ್ತಿದ್ವು. ಆದ್ರೂ ಆ ನಾಲ್ಕರಲ್ಲೇ ಎರಡು ಬೇಸಿಗೆ ರಜಾ ಕಳೆದ್ವಿ. ಯಾವ ಪೈಪಿನೊಳಗೆ ಇಳಿದ್ರೆ ಏನು ಸಿಗುತ್ತೆ ಅನ್ನೋದು ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠ ಆಗಿತ್ತು. ಈಗ ನಿಜವಾಗಿಯೂ ಸಾವಿರ ಆಟ ಕೊಳ್ಳಬಹುದು, ಯಾವುದರ ಪೈಪಿನೊಳಗೂ ಇಳಿಯೋಷ್ಟು ಪುರುಸೊತ್ತಿಲ್ಲ.

ಕೆಲವರು ಲೆಕ್ಕ ಹಾಕೋದು 'ಗಂಟೆಗೆ ಎಷ್ಟು ಡಾಲರ್' ಅಂತ. ಸಿನಿಮಾ ಟಿಕೆಟ್ಟಿಗೆ ಹದಿನೈದು ಡಾಲರ್, ಎರಡೂವರೆ ಗಂಟೆ. ಆಟಕ್ಕೂ ಹದಿನೈದೇ, ಆದ್ರೆ ಐವತ್ತು ಗಂಟೆ. ಕೇಳೋಕೆ ಸೊಗಸಾಗಿದೆ, ಆದ್ರೆ ಇದು ಊಟವನ್ನ ತೂಕ ಹಾಕಿ ರುಚಿ ಹೇಳಿದಂಗೆ. 2007ರಲ್ಲಿ ಬಂದ 'ಪೋರ್ಟಲ್' ಅನ್ನೋ ಆಟ ಮೂರ್ನಾಲ್ಕು ಗಂಟೇಲಿ ಮುಗಿದುಹೋಗುತ್ತೆ. ಗೋಡೆಗೆ ಒಂದು ಕಿಂಡಿ, ನೆಲಕ್ಕೊಂದು ಕಿಂಡಿ, ಇದರಲ್ಲಿ ಬಿದ್ರೆ ಅದರಲ್ಲಿ ಎದ್ದೇಳೋದು, ಅಷ್ಟೇ. ಸೇಲಲ್ಲಿ ಒಂದೆರಡು ಡಾಲರಿಗೆ ಸಿಗುತ್ತೆ. ಆಡಿ ಮುಗಿಸಿದ ಮೇಲೆ ಒಂದು ವಾರ ಆಫೀಸಿನ ಗೋಡೆಗಳನ್ನೆಲ್ಲ ಅನುಮಾನದಿಂದ ನೋಡ್ತಿದ್ದೆ! ಅದೇ ಇನ್ನು ಕೆಲವು ಆಟಗಳಿವೆ, ಎಂಬತ್ತು ಗಂಟೆ ಭೂಪಟದ ಮೇಲಿನ ಚುಕ್ಕೆಗಳನ್ನ ಅಳಿಸೋದೇ ಕೆಲಸ. ನಮ್ಮ ಆಫೀಸಿನ ಬಗ್ ಪಟ್ಟಿಗೂ ಅದಕ್ಕೂ ಏನು ವ್ಯತ್ಯಾಸ? ಅದಕ್ಕೆ ಸಂಬಳವಾದ್ರೂ ಕೊಡ್ತಾರೆ!

ಹಾಗಾದ್ರೆ ಸೇಲ್ ದಂಡ ಅಂತೀಯಾ ಅಂದ್ರೆ, ಖಂಡಿತ ಇಲ್ಲ. ಕಾಯೋದ್ರಲ್ಲಿ ದೊಡ್ಡ ಲಾಭ ಇದೆ, ಅದು ಬರೀ ದುಡ್ಡಿನದ್ದಲ್ಲ. 'ಸೈಬರ್‌ಪಂಕ್ 2077' ಡಿಸೆಂಬರ್ 2020ರಲ್ಲಿ ಬಂದಾಗ ಎಷ್ಟು ಬಗ್ ಇತ್ತು ಅಂದ್ರೆ, ಸೋನಿಯವರು ತಮ್ಮ ಅಂಗಡಿಯಿಂದಲೇ ಎತ್ತಿಬಿಟ್ರು. ವಾಪಸ್ ಬಂದಿದ್ದು 2021ರ ಜೂನಲ್ಲಿ. ದೊಡ್ಡ ರಿಪೇರಿ, 2.0 ಆವೃತ್ತಿ ಬಂದಿದ್ದು ಸೆಪ್ಟೆಂಬರ್ 2023ಕ್ಕೆ. ಮೊದಲ ದಿನ ಅರವತ್ತು ಡಾಲರ್ ಕೊಟ್ಟವರಿಗೆ ಸಿಕ್ಕಿದ್ದು ಅರೆಬೆಂದ ಅನ್ನ, ಮೂರು ವರ್ಷ ಕಾದವರಿಗೆ ಅರ್ಧ ಬೆಲೆಗೆ ಬಿಸಿಬಿಸಿ ಊಟ. ಇದೇ ವೃತ್ತಿಯಲ್ಲಿರೋನಾಗಿ ಹೇಳ್ತೀನಿ, ಯಾವುದೇ ಸಾಫ್ಟ್‌ವೇರಿನ ಮೊದಲ ಆವೃತ್ತಿಯನ್ನ ಪೂರ್ತಿ ನಂಬಬೇಡಿ!

ಸೇಲಿಗೆ ಬಗ್ಗದವರೂ ಇದ್ದಾರೆ. 'ಫ್ಯಾಕ್ಟೋರಿಯೋ' ಅಂತೊಂದು ಆಟ, ಕಾರ್ಖಾನೆ ಕಟ್ಟೋದು, ಇಂಜಿನಿಯರುಗಳಿಗಂತೂ ಗಾಂಜಾ ಇದ್ದಂಗೆ. ಅದರ ಚೆಕ್ ದೇಶದ ಕಂಪನಿಯವರು ಇಷ್ಟು ವರ್ಷದಲ್ಲಿ ಒಂದು ಸಲಾನೂ ಸೇಲ್ ಹಾಕಿಲ್ಲ. ಬದಲಿಗೆ 2023ರ ಜನವರೀಲಿ ಬೆಲೆಯನ್ನ 30ರಿಂದ 35 ಡಾಲರಿಗೆ ಏರಿಸಿದ್ರು! ಆದ್ರೂ ಜನ ಕೊಳ್ತಾನೇ ಇದ್ದಾರೆ. ನನ್ನ ಬಳಿ ಇರೋ ಆಟಗಳಲ್ಲಿ ಅತಿ ಹೆಚ್ಚು ಗಂಟೆ ಆಡಿರೋದು ಅದನ್ನೇ, ಪೂರ್ತಿ ಬೆಲೆ ಕೊಟ್ಟಿದ್ದೂ ಅದಕ್ಕೇ. ಸೇಲ್ ಇಲ್ಲ ಅಂತ ಗೊತ್ತಿದ್ದಾಗ ನಮಗೆ ನಾವೇ ಕೇಳ್ಕೊಳ್ಳೋ ಪ್ರಶ್ನೆ ಒಂದೇ, 'ಇದು ನನಗೆ ಬೇಕಾ?' 80% ಕಡಿತ ಅಂತ ಹಸಿರು ಚೀಟಿ ಅಂಟಿಸಿದ ತಕ್ಷಣ ಆ ಪ್ರಶ್ನೆ ಮಾಯ. ಇನ್ನು ಪುಕ್ಕಟೆ ಅಂದ್ರೆ ಕೇಳೋದೇ ಬೇಡ. ಎಪಿಕ್ ಅಂಗಡಿಯವರು 2018ರ ಕೊನೆಯಿಂದ ಬಿಟ್ಟಿ ಆಟ ಹಂಚ್ತಾ ಬಂದಿದ್ದಾರೆ. ನಂಗೊಂದಿರ್ಲಿ, ನಮ್ಮಪ್ಪಂಗೊಂದಿರ್ಲಿ ಅಂತ ಎತ್ತಿಟ್ಕೊಳ್ಳೋರೇ ಎಲ್ಲರೂ.

ಇನ್ನೊಂದು ವಿಷಯ. ಹೀಗೆ ಕೊಂಡ ಆಟ ನಿಜವಾಗಿ ನಮ್ಮದಾ? ಅಲ್ಲ, ಅದು ಆಡೋಕೆ ಕೊಟ್ಟ ಪರವಾನಗಿ ಮಾತ್ರ. ಯೂಬಿಸಾಫ್ಟ್ ಕಂಪನಿಯವರು 'ದಿ ಕ್ರ್ಯೂ' ಅನ್ನೋ ಕಾರು ಆಟದ ಸರ್ವರುಗಳನ್ನ ಮಾರ್ಚ್ 31, 2024ಕ್ಕೆ ನಿಲ್ಲಿಸಿದ್ರು. ದುಡ್ಡು ಕೊಟ್ಟು ಕೊಂಡವರೂ ಅವತ್ತಿಂದ ಆಡೋ ಹಾಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ, ಇಂಥದನ್ನ ಮಾರುವಾಗ 'ಇದು ಪರವಾನಗಿ ಅಷ್ಟೇ' ಅಂತ ಸ್ಪಷ್ಟವಾಗಿ ಹೇಳಬೇಕು ಅಂತ ಕಾನೂನೇ ಬಂದಿದೆ. ಅಮ್ಮನ ಸೀರೆ ಬೀರುವಿನಲ್ಲಾದ್ರೂ ಇರುತ್ತೆ, ಮುಂದೆ ಯಾರಿಗಾದ್ರೂ ಕೊಡಬಹುದು. ನಮ್ಮ ಸ್ಟೀಮ್ ಖಾತೆಯನ್ನ ಇನ್ನೊಬ್ಬರ ಹೆಸರಿಗೆ ಬರೆಯೋಕೂ ಆಗಲ್ಲ. 'ಮುಂದೆ ನಿವೃತ್ತಿಯಾದ್ಮೇಲೆ ಆಡ್ತೀನಿ' ಅಂತ ಕೂಡಿಡೋರು ಇದನ್ನ ಯೋಚಿಸಬೇಕು. ಜಿಒಜಿ ಅನ್ನೋ ಅಂಗಡೀಲಿ ಮಾತ್ರ ಆಟದ ಫೈಲನ್ನೇ ಇಳಿಸಿಕೊಂಡು ನಮ್ಮ ಡಿಸ್ಕಲ್ಲಿ ಇಟ್ಕೋಬಹುದು.

ಈಗ ತಮ್ಮನ ವಿಷಯಕ್ಕೆ. ಹನ್ನೊಂದರಲ್ಲಿ ಹತ್ತನ್ನ ವಿಶ್‌ಲಿಸ್ಟಿಗೆ ಹಾಕ್ದ. ಅದಕ್ಕೇನು ಖರ್ಚಿಲ್ಲ, ಬೆಲೆ ಇಳಿದಾಗ ಅವರೇ ಮೇಲ್ ಕಳಿಸ್ತಾರೆ. ಉಳಿದ ಒಂದನ್ನ ಕೊಂಡ: 'ಸ್ಟಾರ್‌ಡ್ಯೂ ವ್ಯಾಲಿ', ಅರ್ಧ ಬೆಲೆಗೆ. ಹೊಲ ಉಳೋದು, ಬಿತ್ತೋದು, ಹಸು ಸಾಕೋದು. 2016ರಲ್ಲಿ ಬಂದಿದ್ದು. ಸಂಗೀತ, ಚಿತ್ರ, ಕೋಡು ಎಲ್ಲಾ ನಾಲ್ಕು ವರ್ಷಕ್ಕೂ ಹೆಚ್ಚು ಕೂತು ಒಬ್ಬನೇ ಮಾಡಿದ್ದು. ಎರಿಕ್ ಬರೋನ್ ಅಂತ, ಇಲ್ಲಿಯ ನಮ್ಮ ಸಿಯಾಟಲ್ ಕಡೆಯವನೇ. 2018ರಿಂದ ಇದನ್ನ ಬೇರೆ ಬೇರೆ ಊರಲ್ಲಿ ಕೂತು ಜೊತೆಯಾಗಿ ಆಡಬಹುದು. ನಾನೂ ಒಂದು ಕೊಂಡೆ.

ನಾನು ಇಲ್ಲಿಗೆ ಬಂದಾಗ ಅವನಿನ್ನೂ ಹೈಸ್ಕೂಲು. ಫೋನಲ್ಲಿ ನಮ್ಮ ಮಾತು "ಊಟ ಆಯ್ತಾ?" "ಆಯ್ತು" "ಓದ್ತಿದ್ದೀಯಾ?" "ಹೂಂ" ದಾಟಿ ಹೋಗ್ತಿರಲಿಲ್ಲ. ಈಗ ನನ್ನ ಶನಿವಾರ ರಾತ್ರಿ ಎಂಟೂವರೆ, ಅವನ ಭಾನುವಾರ ಬೆಳಿಗ್ಗೆ ಒಂಬತ್ತು. ಅವನು ಹೊಲಕ್ಕೆ ನೀರು ಹಾಕ್ತಿರ್ತಾನೆ, ನಾನು ಕೆರೆ ದಂಡೇಲಿ ಮೀನು ಹಿಡೀತಿರ್ತೀನಿ. ಹಿಂಗೇ ಒಂದಿನ ಸೌದೆ ಕಡೀತಾ ಕಡೀತಾ, "ಅಣ್ಣ, ಒಂದು ಸಬ್ಜೆಕ್ಟ್ ಹೋಗಿದೆ, ಅಪ್ಪನಿಗೆ ಹೇಳಿಲ್ಲ. ಪ್ಲೇಸ್‌ಮೆಂಟಿಗೆ ಕೂರಿಸ್ತಾರೋ ಇಲ್ವೋ" ಅಂದ. ಎದುರುಬದುರು ಕೂರಿಸಿ ಕೇಳಿದ್ರೆ ಅವನ ಬಾಯಿಂದ ಇದು ಬರ್ತಿರಲಿಲ್ಲ. ಅವತ್ತು ಮೀನು ಸಿಗಲಿಲ್ಲ, ಎರಡು ಗಂಟೆ ಮಾತಾಡಿದ್ವಿ. ಇದನ್ನ ಯಾವ 'ಗಂಟೆಗೆ ಎಷ್ಟು' ಲೆಕ್ಕಕ್ಕೆ ಬರೀಲಿ ಹೇಳಿ?

ರಜಕ್ಕೆ ಊರಿಗೆ ಹೋದಾಗ ಲ್ಯಾಪ್‌ಟಾಪ್ ನೋಡಿದ ಅಪ್ಪ ಮಾತ್ರ, "ಜೋಳಕ್ಕೆ ನೀರು ಬಿಡೋ ಅಂದ್ರೆ ಎಂಟಕ್ಕೂ ಏಳಲ್ಲ, ಇದರೊಳಗೆ ಆರು ಗಂಟೆಗೇ ಎದ್ದು ಬೇಸಾಯ ಮಾಡ್ತಾನೆ" ಅಂದ್ರಂತೆ! ಆ ಆಟದಲ್ಲಿ ದಿನ ಶುರುವಾಗೋದು ನಿಜವಾಗ್ಲೂ ಬೆಳಿಗ್ಗೆ ಆರಕ್ಕೇ.

ಸರಿ, ನಾವಿಬ್ಬರೂ ಪಾಲಿಸೋ ನಿಯಮಗಳನ್ನ ಹೇಳಿ ಮುಗಿಸ್ತೀನಿ. ಒಂದು, ಇವತ್ತು ರಾತ್ರಿಯೇ ಆಡೋದಾದ್ರೆ ಮಾತ್ರ ಕೊಳ್ಳೋದು. ಇಲ್ಲಾಂದ್ರೆ ವಿಶ್‌ಲಿಸ್ಟು, ಮೂರು ತಿಂಗಳಿಗೆ ಮತ್ತೆ ಸೇಲ್ ಬಂದೇ ಬರುತ್ತೆ. ಎರಡು, ಕೊಂಡ ಕೂಡಲೇ ಒಂದೂವರೆ ಗಂಟೆ ಆಡಿ ನೋಡೋದು. ಎರಡು ಗಂಟೆಗಿಂತ ಕಮ್ಮಿ ಆಡಿದ್ರೆ, ಹದಿನಾಲ್ಕು ದಿನದೊಳಗೆ ಸ್ಟೀಮ್‌ನವರು ದುಡ್ಡು ವಾಪಸ್ ಕೊಡ್ತಾರೆ, 2015ರಿಂದ ಈ ವ್ಯವಸ್ಥೆ ಇದೆ. ಆಡದೇ ಇಟ್ರೆ ಆ ಗಡುವೂ ಹೋಯ್ತು. ಮೂರು, ಎಷ್ಟು ಇಳಿದಿದೆ ಅಂತ ನೋಡೋ ಬದಲು ಎಷ್ಟು ಕೊಡಬೇಕು ಅಂತ ನೋಡೋದು. ನಾಲ್ಕು, ಜೊತೆಗೆ ಆಡೋರು ಯಾರಾದ್ರೂ ಇದ್ದಾರೆ ಅಂದ್ರೆ ಪೂರ್ತಿ ಬೆಲೆಯಾದ್ರೂ ಪರವಾಗಿಲ್ಲ, ಸೇಲಿಗೆ ಕಾಯೋದು ಬೇಡ.

ಗಂಟೆ ಎಂಟೂಕಾಲಾಯ್ತು. ಕುಂಬಳಕಾಯಿ ಕುಯ್ಲಿಗೆ ಬಂದಿದೆ, ತಮ್ಮ ಕಾಯ್ತಿರ್ತಾನೆ. ಬರ್ಲಾ?