ಕೂಡುದಾರಿಯ ಸಂಧಿಕಾರ್ಯ

ವ್ಯಾಕರಣಶಾಸ್ತ್ರವನ್ನು ಕಲಿಯತೊಡಗಿದ ವಿದ್ಯಾರ್ಥಿಗೆ ಮೊದಮೊದಲು ಎದುರಾಗುವ ಪ್ರಕರಣಗಳಲ್ಲಿ ಸಂಧಿಪ್ರಕರಣವೂ ಒಂದು. ಎರಡು ಅಕ್ಷರಗಳು ಎದುರುಬದುರಾದಾಗ ಏನಾಗಬೇಕೆಂಬುದನ್ನು ಶಾಸ್ತ್ರವು ಅಲ್ಲಿ ವಿಧಿಸುತ್ತದೆ. ‘ಊರು’ ಎಂಬುದರ ಮುಂದೆ ‘ಅಲ್ಲಿ’ ಎಂಬುದು ಬಂದರೆ, ಮೊದಲಿನ ಉಕಾರವು ಲೋಪವಾಗಿ, ಬಂದ ಅಕಾರಕ್ಕೆ ಸ್ಥಳ ಬಿಟ್ಟುಕೊಡುತ್ತದೆ. ‘ಊರಲ್ಲಿ’ ಎಂಬ ರೂಪವು ಸಿದ್ಧಿಸುತ್ತದೆ. ‘ಮನೆ’ಯ ಮುಂದೆ ಅದೇ ‘ಅಲ್ಲಿ’ ಬಂದರೆ ಬಿಟ್ಟುಕೊಡಲು ಎರಡೂ ಒಲ್ಲವು. ಆಗ ಯಕಾರವೊಂದು ಮಧ್ಯಸ್ಥನಂತೆ ಬಂದು ನಡುವೆ ನಿಲ್ಲುತ್ತದೆ. ‘ಮಳೆ’ಯ ಮುಂದೆ ‘ಕಾಲ’ವು ಬಂದರೆ ಕಕಾರವು ಗಕಾರವಾಗಿ ಮಾರ್ಪಡುತ್ತದೆ. ‘ಅಯ್ಯೋ ಇದೇನು’ ಎಂಬಲ್ಲಿ ಸಂಧಿಯೇ ಆಗದು. ಒಂದು ಸ್ವರವು ಇನ್ನೊಂದನ್ನು ಮುಟ್ಟದೆ ತನ್ನ ಪಾಡಿಗೆ ತಾನಿರುತ್ತದೆ. ಲೋಪ, ಆಗಮ, ಆದೇಶ, ಪ್ರಕೃತಿಭಾವ ಎಂದು ಇವಕ್ಕೆ ಹೆಸರು.

ಎರಡು ದಾರಿಗಳು ಸಂಧಿಸುವ ಸ್ಥಳದ ಸಮಸ್ಯೆಯೂ ಇದೇ ಆಗಿದೆ. ಚತುಷ್ಪಥಕ್ಕೆ ಶೃಂಗಾಟಕವೆಂಬ ಪರ್ಯಾಯಪದವನ್ನು ಅಮರಕೋಶವು ಹೇಳುತ್ತದೆ ಎಂದಮೇಲೆ ನಾಲ್ಕು ದಾರಿ ಕೂಡುವ ಸ್ಥಳವು ಈ ದೇಶಕ್ಕೆ ಹೊಸದಲ್ಲ. ಹೊಸದಾದುದು ಅಲ್ಲಿಗೆ ಬಂದು ಸೇರುವ ವೇಗ. ಎತ್ತಿನ ಬಂಡಿಗಳ ಕಾಲದಲ್ಲಿ ಚೌಕದಲ್ಲಿ ಎದುರಾದವರು ಕುಶಲಪ್ರಶ್ನೆ ಮಾಡಿ ಮುಂದೆ ಸಾಗುತ್ತಿದ್ದರು. ಮೋಟಾರು ವಾಹನಗಳ ಕಾಲದಲ್ಲಿ ಅರೆಗಳಿಗೆಯ ಪ್ರಮಾದವು ಪ್ರಾಣವನ್ನೇ ಬೇಡುತ್ತದೆ. 2022ರ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎಂದು ಕೇಂದ್ರ ಸರ್ಕಾರದ ವರದಿಯೇ ಹೇಳುತ್ತದೆ. ಆದುದರಿಂದ ಕೂಡುದಾರಿಯ ರಚನೆಯೆಂಬುದು ಇಂಜಿನಿಯರುಗಳಿಗೆ ಮಾತ್ರ ಬಿಟ್ಟ ವಿಷಯವಲ್ಲ. ಮಕ್ಕಳನ್ನು ಶಾಲೆಗೆ ಕಳುಹಿಸುವ ಎಲ್ಲರೂ ವಿಚಾರಿಸತಕ್ಕ ವಿಷಯವಾಗಿದೆ.

ಮನುಷ್ಯನು ಮೊದಲು ಆಶ್ರಯಿಸಿದ್ದು ಆಗಮವನ್ನು, ಎಂದರೆ ನಡುವೆ ನಿಲ್ಲುವ ಮೂರನೆಯವನನ್ನು. 1868ರಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಭವನದ ಬಳಿ ಅನಿಲದ ದೀಪವುಳ್ಳ ಸಂಕೇತಸ್ತಂಭವನ್ನು ನಿಲ್ಲಿಸಿದರು. ಕೆಲವೇ ವಾರಗಳಲ್ಲಿ, 1869ರ ಜನವರಿಯಲ್ಲಿ, ಅದು ಸ್ಫೋಟಗೊಂಡು ನಡೆಸುತ್ತಿದ್ದ ಪೋಲೀಸಿನವನೇ ಗಾಯಗೊಂಡನು. 1914ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ವಿದ್ಯುದ್ದೀಪದ ಸಂಕೇತವು ಬಂದಿತು. ಅಂದಿನಿಂದ ಕೆಂಪು ಹಸಿರು ದೀಪಗಳು ಲೋಕವನ್ನೆಲ್ಲ ಆಳುತ್ತಿವೆ. ಅವುಗಳ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ದೀಪದ ಶಿಕ್ಷಣದಲ್ಲಿ ಒಂದು ಕುಂದು ಉಂಟು. ಅದು ಚಾಲಕನ ಕಣ್ಣನ್ನು ದೀಪದ ಮೇಲೆ ನೆಡುತ್ತದೆಯೇ ಹೊರತು ಎದುರಿನವನ ಮೇಲಲ್ಲ. ಹಸಿರು ಕಂಡವನು ವೇಗವನ್ನು ತಗ್ಗಿಸಬೇಕಾಗಿಲ್ಲ; ಕೆಂಪಾಗುವ ಮೊದಲೇ ದಾಟಬೇಕೆಂದು ಹೆಚ್ಚಿಸುವವರೇ ಬಹಳ. ಅಡ್ಡದಿಂದ ಬಂದ ಒಬ್ಬನು ತಪ್ಪಿದರೂ ಆಘಾತವು ಪೂರ್ಣವೇಗದಲ್ಲಿಯೇ ಆಗುತ್ತದೆ.

ಲೋಪದ ಮಾರ್ಗ, ಎಂದರೆ ಒಬ್ಬನು ಇನ್ನೊಬ್ಬನಿಗೆ ಬಿಟ್ಟುಕೊಡುವ ಮಾರ್ಗವು, ವೃತ್ತದ ರೂಪದಲ್ಲಿ ಬಂದಿತು. ಆದರೆ ವೃತ್ತವು ಬಂದ ದಿನವೇ ನಿಯಮವು ಬರಲಿಲ್ಲವೆಂಬುದು ಇಲ್ಲಿ ಮುಖ್ಯವಾದ ಅಂಶ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನ್ಯೂಯಾರ್ಕಿನ ಕೊಲಂಬಸ್ ವೃತ್ತದಲ್ಲಿಯೂ, 1907ರಲ್ಲಿ ಯೂಜೀನ್ ಹೆನಾರನ ಸಲಹೆಯಂತೆ ಪ್ಯಾರಿಸಿನ ಎತ್ವಾಲ್ ಚೌಕದಲ್ಲಿಯೂ ವಾಹನಗಳು ಒಂದೇ ದಿಕ್ಕಿನಲ್ಲಿ ಸುತ್ತತೊಡಗಿದವು. ವಾಹನಗಳು ವಿರಳವಾಗಿದ್ದಾಗ ಎಲ್ಲವೂ ಸುಸೂತ್ರವಾಗಿತ್ತು. ಸಂಖ್ಯೆಯು ಹೆಚ್ಚಿದಂತೆ ವೃತ್ತಗಳು ಸಿಕ್ಕಿಬಿದ್ದವು. ಕಾರಣ ಸರಳವಾದುದು. ಎಷ್ಟೋ ಕಡೆ ಹೊರಗಿನಿಂದ ನುಗ್ಗುವವನಿಗೇ ಮೊದಲ ಹಕ್ಕು ಇತ್ತು. ಕೆಲವೆಡೆ ಯಾವ ನಿಯಮವೂ ಇರಲಿಲ್ಲ. ಒಳಗಿರುವವನು ಹೊರಬೀಳದೆ ಹೊರಗಿನವನಿಗೆ ಜಾಗವಿಲ್ಲ. ಹೊರಗಿನವನು ನುಗ್ಗಿ ನಿಂತರೆ ಒಳಗಿನವನಿಗೆ ಹೊರದಾರಿಯಿಲ್ಲ. ಈ ಇಕ್ಕಟ್ಟನ್ನು ಕಂಡು ಅನೇಕ ನಗರಗಳು ವೃತ್ತಗಳನ್ನೇ ಕಿತ್ತು ದೀಪಗಳನ್ನು ನೆಟ್ಟವು.

ತಪ್ಪು ವೃತ್ತದ್ದಲ್ಲ, ನಿಯಮದ ಅಭಾವದ್ದು ಎಂಬುದನ್ನು ತೋರಿಸಿಕೊಟ್ಟವರು ಬ್ರಿಟನ್ನಿನವರು. ಅಲ್ಲಿಯ ರಸ್ತೆ ಸಂಶೋಧನಾಲಯದ ಫ್ರಾಂಕ್ ಬ್ಲ್ಯಾಕ್‌ಮೋರ್ ಮೊದಲಾದವರ ಪ್ರಯೋಗಗಳ ಫಲವಾಗಿ, ವೃತ್ತದೊಳಗೆ ಸುತ್ತುತ್ತಿರುವವನಿಗೆ ಪ್ರವೇಶಿಸುವವನು ದಾರಿ ಬಿಡಬೇಕೆಂಬ ವಿಧಿಯು 1966ರ ನವೆಂಬರಿನಲ್ಲಿ ಜಾರಿಗೆ ಬಂದಿತು. ಎಡಬದಿಯಲ್ಲಿ ಚಲಿಸುವ ದೇಶವಾದುದರಿಂದ, ಬಲಗಡೆಯಿಂದ ಬರುವವನಿಗೆ ಬಿಟ್ಟುಕೊಡುವುದೆಂದು ಅದರ ಅರ್ಥ. ಒಂದೇ ಒಂದು ಸೂತ್ರ! ಅಷ್ಟರಿಂದಲೇ ಸಿಕ್ಕುಗಳು ಬಿಡಿಸಿಕೊಂಡವು. ಅದುವರೆಗೆ ವಿಶಾಲವಾಗಿ ಕಟ್ಟುತ್ತಿದ್ದ ವೃತ್ತಗಳನ್ನು ಚಿಕ್ಕದಾಗಿಯೂ ಕಟ್ಟಬಹುದೆಂದು ತಿಳಿದುಬಂದಿತು. ಇಂದು ಲೋಕದಲ್ಲಿ ಆಧುನಿಕ ವೃತ್ತವೆಂದು ಕರೆಯುವುದು ಈ ಸೂತ್ರಕ್ಕೆ ಅಧೀನವಾದ ವೃತ್ತವನ್ನೇ.

ಅದರ ಗುಣವನ್ನು ಎಣಿಕೆಯಿಂದಲೂ ಅರಿಯಬಹುದು. ನಾಲ್ಕು ದಾರಿ ಕೂಡುವ ಸಾಮಾನ್ಯ ಚೌಕದಲ್ಲಿ ವಾಹನಗಳ ಪಥಗಳು ಒಂದನ್ನೊಂದು ಮುಟ್ಟುವ ಬಿಂದುಗಳು 32. ಒಂದು ಸಾಲಿನ ವೃತ್ತದಲ್ಲಿ ಅವು 8 ಮಾತ್ರ. ಅಲ್ಲದೆ, ನೇರ ಎದುರೆದುರಾಗಿಯಾಗಲಿ ಅಡ್ಡಡ್ಡವಾಗಿಯಾಗಲಿ ಢಿಕ್ಕಿಯಾಗಲು ಅಲ್ಲಿ ಎಡೆಯಿಲ್ಲ; ಆಗುವುದು ಹೆಚ್ಚಾಗಿ ಪಕ್ಕಕ್ಕೆ ತಾಗುವಿಕೆ. ಬಾಗಿದ ದಾರಿಯು ತಾನೇ ವೇಗವನ್ನು ತಗ್ಗಿಸುತ್ತದೆ. ಅಮೆರಿಕದಲ್ಲಿ ದೀಪ ಅಥವಾ ನಿಲುಗಡೆ ಫಲಕಗಳಿದ್ದ ಚೌಕಗಳನ್ನು ವೃತ್ತಗಳಾಗಿ ಮಾರ್ಪಡಿಸಿದ ಕಡೆ ನಡೆಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಒಟ್ಟು ಅಪಘಾತಗಳು ಶೇಕಡಾ 39ರಷ್ಟೂ, ಗಾಯಗಳಾಗುವ ಅಪಘಾತಗಳು ಶೇಕಡಾ 76ರಷ್ಟೂ ಇಳಿದುದು ಕಂಡುಬಂದಿತು.

ಇನ್ನು ಚಾಲಕರು ಹೊಸ ರಚನೆಗೆ ಹೇಗೆ ಹೊಂದಿಕೊಳ್ಳುತ್ತಾರೆಂಬುದು ವಿಚಾರಾರ್ಹ. ಹೊಸದನ್ನು ಕಂಡಾಗ ಪ್ರತಿಭಟಿಸುವುದು ಜನಸ್ವಭಾವ. ಅಮೆರಿಕದ ಮೂರು ರಾಜ್ಯಗಳಲ್ಲಿ ವೃತ್ತ ಕಟ್ಟುವ ಮೊದಲು ಅಭಿಪ್ರಾಯ ಕೇಳಿದಾಗ ಒಪ್ಪಿದವರು ಶೇಕಡಾ 31. ಕಟ್ಟಿ ಕೆಲಕಾಲ ಬಳಸಿದ ಮೇಲೆ ಒಪ್ಪಿದವರು ಶೇಕಡಾ 63. ಇಂಡಿಯಾನಾ ರಾಜ್ಯದ ಕಾರ್ಮೆಲ್ ನಗರದ ಮೇಯರಾಗಿದ್ದ ಜಿಮ್ ಬ್ರೇನಾರ್ಡರು 1996ರಿಂದ 2023ರವರೆಗಿನ ತಮ್ಮ ಅಧಿಕಾರಾವಧಿಯಲ್ಲಿ ದೀಪಗಳ ಸ್ಥಾನದಲ್ಲಿ ವೃತ್ತಗಳನ್ನು ಕಟ್ಟಿಸುತ್ತ ಬಂದರು. ಆ ಒಂದು ಊರಿನಲ್ಲಿಯೇ ಅವುಗಳ ಸಂಖ್ಯೆ 150ನ್ನು ಮೀರಿತು. ಅನುಭವಕ್ಕೆ ಬಂದುದನ್ನು ಜನರು ಬೇಗ ಒಪ್ಪುತ್ತಾರೆ, ಬಾಯಿಮಾತಿನ ಉಪದೇಶವನ್ನಲ್ಲ.

ಇಂಗ್ಲೆಂಡಿನ ಸ್ವಿಂಡನ್ ಪಟ್ಟಣದ ನಿದರ್ಶನವು ಇನ್ನೂ ಸ್ವಾರಸ್ಯಕರ. 1972ರಲ್ಲಿ ಅಲ್ಲಿ ಐದು ಪುಟ್ಟ ವೃತ್ತಗಳನ್ನು ಒಂದು ನಡುವೃತ್ತದ ಸುತ್ತ ಜೋಡಿಸಿದರು. ಪುಟ್ಟ ವೃತ್ತಗಳಲ್ಲಿ ವಾಹನಗಳು ಗಡಿಯಾರದ ಮುಳ್ಳಿನಂತೆ ಸುತ್ತಿದರೆ ನಡುವೃತ್ತದಲ್ಲಿ ಅದಕ್ಕೆ ವಿರುದ್ಧವಾಗಿ ಸುತ್ತುತ್ತವೆ. ನಕ್ಷೆಯನ್ನು ಕಂಡವರಿಗೆ ತಲೆ ತಿರುಗುವಂತಹ ರಚನೆ! ಆದರೆ ಅದನ್ನು ಒಮ್ಮೆಗೇ ಕಲ್ಲಿನಲ್ಲಿ ಕಟ್ಟಿ ಜನರ ಮೇಲೆ ಹೇರಲಿಲ್ಲ. ಮೊದಲು ಬದಲಾಯಿಸಬಹುದಾದ ಗುರುತುಗಳನ್ನಿಟ್ಟು, ಪ್ರತಿಯೊಂದು ಪುಟ್ಟ ವೃತ್ತಕ್ಕೂ ಒಬ್ಬೊಬ್ಬ ಪೋಲೀಸಿನವನನ್ನು ನಿಲ್ಲಿಸಿ, ಚಾಲಕರು ಹೇಗೆ ನಿರ್ವಹಿಸುತ್ತಾರೆಂದು ನೋಡಿ, ಬಳಿಕ ಸ್ಥಿರಗೊಳಿಸಿದರು. ಚಾಲಕನು ಇಡೀ ನಕ್ಷೆಯನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಎದುರಿಗೆ ಬಂದ ಪ್ರತಿಯೊಂದು ವೃತ್ತದಲ್ಲಿ ‘ಬಲಗಡೆಯವನಿಗೆ ಬಿಡು’ ಎಂಬ ಅದೇ ಸೂತ್ರವನ್ನು ಅನ್ವಯಿಸಿದರಾಯಿತು. ಸೂತ್ರವನ್ನು ಬಲ್ಲವನಿಗೆ ಸಮಾಸವು ಎಷ್ಟು ದೀರ್ಘವಾದರೇನು?

ಆದರೆ ಹೊಂದಿಕೊಳ್ಳುವಿಕೆಗೆ ಇನ್ನೊಂದು ಮುಖವೂ ಇದೆ. 1967ರ ಸೆಪ್ಟೆಂಬರ್ 3ರಂದು ಸ್ವೀಡನ್ ದೇಶವು ಎಡಬದಿಯ ಸಂಚಾರವನ್ನು ಬಿಟ್ಟು ಬಲಬದಿಗೆ ಬದಲಾಯಿತು. ಅನಾಹುತವಾದೀತೆಂದು ಅಂಜಿದ್ದರು, ಆದರೆ ಎಲ್ಲರೂ ಎಚ್ಚರದಿಂದ ನಡೆದುದರಿಂದ ಅಪಘಾತಗಳು ಇಳಿದವು. ಕೆಲಕಾಲದಲ್ಲಿಯೇ ಹೊಸದು ಹಳೆಯದಾಯಿತು, ಎಚ್ಚರ ಸಡಿಲವಾಯಿತು, ಅಪಘಾತಗಳು ಮೊದಲಿನ ಮಟ್ಟಕ್ಕೆ ಮರಳಿದವು. ಹೊಸತನದಿಂದ ಬಂದ ಎಚ್ಚರವು ಹೊಸತನದೊಡನೆಯೇ ಅಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ. ಬಾಗಿದ ದಾರಿಯಿಂದ ಬಂದ ನಿಧಾನವಾದರೋ ಅಳಿಯುವುದಿಲ್ಲ. ಏಕೆಂದರೆ ದಾರಿಯು ನಾಳೆಯೂ ಬಾಗಿಯೇ ಇರುತ್ತದೆ. ಉತ್ತಮ ರಚನೆಯ ಲಕ್ಷಣವು ಇದೇ: ಚಾಲಕನು ಮರೆತಾಗಲೂ ಅದು ಮರೆಯುವುದಿಲ್ಲ.

ಉಳಿದೆರಡು ಬಗೆಗಳನ್ನು ಸಂಕ್ಷೇಪವಾಗಿ ಹೇಳಬಹುದು. ಆದೇಶಕ್ಕೆ ನಿದರ್ಶನವು 2009ರಲ್ಲಿ ಅಮೆರಿಕದ ಮಿಸ್ಸೂರಿ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿ ಹೆದ್ದಾರಿಯ ಕೂಡುದಾರಿಗೆ ಅಳವಡಿಸಿದ ರಚನೆ. ಅಲ್ಲಿ ಬಲಬದಿಯ ವಾಹನಗಳು ಸ್ವಲ್ಪ ದೂರ ಎಡಬದಿಗೆ ದಾಟಿ ಮತ್ತೆ ಬಲಬದಿಗೆ ಮರಳುತ್ತವೆ. ಇದಕ್ಕೆ ಮೊದಲೇ ಇಂತಹುದು ಫ್ರಾನ್ಸಿನ ವರ್ಸೇಲ್ಸಿನಲ್ಲಿ ಇತ್ತು. ಗೆರೆಗಳೂ ನಡುದಿಬ್ಬಗಳೂ ಕಣ್ಣಿಗೆ ಬೇರೆ ದಾರಿಯೇ ತೋರದಂತೆ ನಡೆಸುವುದರಿಂದ ಚಾಲಕರು ಗೊಂದಲವಿಲ್ಲದೆ ಸಾಗುತ್ತಾರೆ. ಪ್ರಕೃತಿಭಾವವೆಂದರೆ ಮೇಲುಸೇತುವೆ, ಒಂದು ದಾರಿ ಇನ್ನೊಂದನ್ನು ಮುಟ್ಟುವುದೇ ಇಲ್ಲ. ಹೆದ್ದಾರಿಗೆ ಅದು ತಕ್ಕುದು. ಊರ ನಡುವೆ ಕಟ್ಟಿದಾಗ ಮಾತ್ರ ಇಕ್ಕಟ್ಟು ಅಳಿಯದೆ ಮುಂದಿನ ಚೌಕಕ್ಕೆ ವರ್ಗವಾಗುವುದನ್ನು ದೊಡ್ಡ ನಗರಗಳವರೆಲ್ಲ ಕಂಡಿದ್ದಾರೆ.

ವೃತ್ತದಲ್ಲಿ ದೋಷವೇ ಇಲ್ಲವೆಂದಲ್ಲ. ಅನೇಕ ಸಾಲುಗಳುಳ್ಳ ದೊಡ್ಡ ವೃತ್ತವನ್ನು ಪಾದಚಾರಿಗಳು ದಾಟುವುದು ಕಷ್ಟ. ವಾಹನಗಳ ಸದ್ದನ್ನೇ ಆಧರಿಸಿ ನಡೆಯುವ ದೃಷ್ಟಿಹೀನರಿಗೆ ಎಡೆಬಿಡದೆ ಹರಿಯುವ ಸಂಚಾರದಲ್ಲಿ ದಾಟುವ ಗಳಿಗೆ ತಿಳಿಯದು. ಸೈಕಲ್ಲಿನವರಿಗೂ ಅಪಾಯವುಂಟು, ಆದುದರಿಂದಲೇ ಹಾಲೆಂಡಿನವರು ಅನೇಕ ವೃತ್ತಗಳ ಹೊರಗೆ ಅವರಿಗಾಗಿ ಪ್ರತ್ಯೇಕ ದಾರಿಯನ್ನಿಟ್ಟಿದ್ದಾರೆ. ಲೋಪಸಂಧಿಯು ಅರ್ಥ ಕೆಡದಿರುವಲ್ಲಿ ಮಾತ್ರ ವಿಹಿತವೆಂಬ ವ್ಯಾಕರಣದ ಎಚ್ಚರಿಕೆಯು ಇಲ್ಲಿಯೂ ಸಲ್ಲುತ್ತದೆ. ಸಂಚಾರವು ಅತಿಯಾದಲ್ಲಿ ದೀಪವೇ ಬೇಕು.

ಈ ಹಿನ್ನೆಲೆಯಲ್ಲಿ ಸ್ವದೇಶದ ಸ್ಥಿತಿಯನ್ನು ನೋಡಬೇಕು. ಭಾರತದಲ್ಲಿ ವೃತ್ತಗಳಿಗೆ ಕೊರತೆಯಿಲ್ಲ. ಹೊಸದಿಲ್ಲಿಯೂ ಚಂಡೀಗಢವೂ ವೃತ್ತಗಳ ಮೇಲೆಯೇ ರೂಪುಗೊಂಡ ನಗರಗಳು. ಮೈಸೂರಿನ ಕೃಷ್ಣರಾಜ ವೃತ್ತ, ಚಾಮರಾಜ ವೃತ್ತಗಳು ನಾಡಿಗೆಲ್ಲ ಪರಿಚಿತವಾದವು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸು 1976ರಲ್ಲಿಯೇ ವೃತ್ತಗಳ ರಚನೆಗೆ ಮಾರ್ಗಸೂಚಿಯನ್ನು ಪ್ರಕಟಿಸಿ 2017ರಲ್ಲಿ ಪರಿಷ್ಕರಿಸಿತು. ವೃತ್ತದೊಳಗಿರುವವನಿಗೆ ಮೊದಲ ಹಕ್ಕೆಂದು 2017ರ ಮೋಟಾರು ವಾಹನ ಚಾಲನಾ ನಿಯಮಾವಳಿಯೂ ಹೇಳುತ್ತದೆ. ಹೀಗೆ ಆಕಾರವೂ ಇದೆ, ಶಾಸ್ತ್ರವೂ ಇದೆ, ಇಲ್ಲದಿರುವುದು ಆಚರಣೆ. ಬೀದಿಯಲ್ಲಿ ಸಲ್ಲುವ ನಿಯಮವೇ ಬೇರೆ: ಮೂತಿಯನ್ನು ಮೊದಲು ತೂರಿಸಿದವನದು ಹಕ್ಕು, ಹಾರ್ನು ಹೆಚ್ಚು ಒತ್ತಿದವನದು ದಾರಿ. ಹತ್ತು ಮಾರು ಉಳಿಸಲೆಂದು ವೃತ್ತವನ್ನು ಬಲದಿಂದಲೇ ಸುತ್ತುವ ಇರುಚಕ್ರದವರೂ ಇದ್ದಾರೆ. ಇದು ಚಾಲಕರ ದುಷ್ಟತನವೆಂದು ಬೈದು ಸುಮ್ಮನಾಗುವುದು ಸುಲಭ. ಆದರೆ ಅವರಿಗೆ ಈ ಸೂತ್ರವನ್ನು ಯಾರು, ಎಂದು, ಎಲ್ಲಿ ಕಲಿಸಿದರು? ಪರವಾನಗಿ ಬೇಡಿ ಬಂದವನು ಎಂಟರ ಆಕಾರದಲ್ಲಿ ಬಂಡಿಯನ್ನು ತಿರುಗಿಸಿ ತೋರಿಸುತ್ತಾನೆ. ಇನ್ನೊಬ್ಬನಿಗೆ ದಾರಿ ಬಿಟ್ಟು ತೋರಿಸುವ ಪರೀಕ್ಷೆಗೆ ಅಂತಹ ಪ್ರಾಧಾನ್ಯವು ಬಂದಿಲ್ಲ.

ವೃತ್ತಕ್ಕೆ ಹೆಸರಿಡುವ ಉತ್ಸಾಹವು ನಾಡಿನಲ್ಲಿ ಧಾರಾಳವಾಗಿದೆ. ಪುತ್ಥಳಿ, ಕಾರಂಜಿ, ಕಮಾನುಗಳಿಗೆ ಉದಾರವಾಗಿ ದಾನ ಮಾಡುವವರಿದ್ದಾರೆ. ಅದು ಸ್ತುತ್ಯವೇ. ಆದರೆ ದಾರಿಯು ಬಾಗುವಂತೆ ಕಟ್ಟಿದ ಅಂಚುಕಲ್ಲು, ‘ದಾರಿ ಬಿಡಿ’ ಎಂಬ ಫಲಕ, ಪಾದಚಾರಿಗಳ ಬಿಳಿಪಟ್ಟೆ, ರಾತ್ರಿಯ ಬೆಳಕು, ಇವಿಲ್ಲದ ವೃತ್ತವು ನಡುಬೀದಿಯ ಕಲ್ಲಾಗಿಯೇ ಉಳಿಯುತ್ತದೆ. ಶಾಲೆಯ ಬಳಿಯ ಕೂಡುದಾರಿಗೆ ಇಷ್ಟನ್ನು ಒದಗಿಸಲು ನೆರವಾಗುವ ದಾನಿಯ ಹೆಸರು ಫಲಕದಲ್ಲಿ ಕಾಣದಿರಬಹುದು. ಸುರಕ್ಷಿತವಾಗಿ ಮನೆ ಸೇರಿದ ಮಕ್ಕಳ ಲೆಕ್ಕದಲ್ಲಿ ಅದು ಇದ್ದೇ ಇರುತ್ತದೆ. ಊರೂರುಗಳಲ್ಲಿ ಇಂಜಿನಿಯರುಗಳಾಗಿಯೂ ಅಧಿಕಾರಿಗಳಾಗಿಯೂ ಇರುವ ಹಳೆಯ ವಿದ್ಯಾರ್ಥಿಗಳು, ಸ್ವಿಂಡನ್ನಿನವರಂತೆ ಮೊದಲು ಗುರುತಿಟ್ಟು ನೋಡಿ ಆಮೇಲೆ ಕಟ್ಟುವ ತಾಳ್ಮೆಯನ್ನು ತೋರಿದರೆ ಸಾರ್ವಜನಿಕ ಹಣವೂ ಉಳಿದೀತು.

ಅಧ್ಯಾಪಕರ ಪಾತ್ರವು ಎಲ್ಲಕ್ಕಿಂತ ಹಿರಿದು. ಆಟದ ಮೈದಾನದಲ್ಲಿ ಸುಣ್ಣದಿಂದ ಒಂದು ವೃತ್ತವನ್ನೂ ನಾಲ್ಕು ದಾರಿಗಳನ್ನೂ ಬರೆದು, ಒಳಗಿರುವವರಿಗೆ ಬಿಟ್ಟು ಆಮೇಲೆ ಪ್ರವೇಶಿಸಬೇಕೆಂದು ಮಕ್ಕಳನ್ನು ನಡೆಸಿದರೆ ಒಂದು ಗಂಟೆಯಲ್ಲಿ ಸೂತ್ರವು ಮನವರಿಕೆಯಾಗುತ್ತದೆ. ಇಂದು ಅಲ್ಲಿ ನಡೆದವರೇ ಹತ್ತು ವರ್ಷಗಳ ತರುವಾಯ ಬೀದಿಯಲ್ಲಿ ವಾಹನ ನಡೆಸುವವರು. ಬಿಟ್ಟುಕೊಟ್ಟ ಉಕಾರದಿಂದ ‘ಊರಲ್ಲಿ’ ಎಂಬ ಪದಕ್ಕೆ ಅರ್ಥಹಾನಿಯಾಗಲಿಲ್ಲ; ಬಿಟ್ಟುಕೊಟ್ಟ ಚಾಲಕನಿಗೂ ಮಾನಹಾನಿಯಾಗದು. ಅರೆಗಳಿಗೆ ತಡೆದು ಇನ್ನೊಬ್ಬನನ್ನು ಮುಂದೆ ಬಿಡುವವನು ತಾನೂ ಕ್ಷೇಮವಾಗಿ ಊರು ಸೇರುತ್ತಾನೆಂಬ ಈ ಪಾಠವು ಶಾಲೆಗಳಲ್ಲಿ ಮೊದಲ್ಗೊಂಡರೆ, ಕಟ್ಟಿದ ವೃತ್ತಗಳೆಲ್ಲ ಸಾರ್ಥಕವಾಗುವುವು.