ಮನೆಮಾತು: ಹರಿಗೋಲಿನಲ್ಲಿ ಮಕ್ಕಳು

ತಿರುಮಕೂಡಲಿನ ಕಾವೇರಿ–ಕಪಿಲೆಯರ ಸಂಗಮಕ್ಕೂ ತಲಕಾಡಿಗೂ ಸಂಸಾರಸಮೇತರಾಗಿ ತೆರಳಿದಾಗ ಮಕ್ಕಳು ಹರಿಗೋಲಿಗೆ ಆಸೆಪಡುವುದು ಸಹಜವಷ್ಟೆ. ಅವರ ಹಿಗ್ಗಿಗೆ ನಾವು ಅಡ್ಡಿಯಲ್ಲ; ಆದರೆ ಗೃಹಸ್ಥರಿಗೆ ಕೆಲವು ಮಾತುಗಳನ್ನು ಅರಿಕೆಮಾಡಬಯಸುತ್ತೇವೆ.

ಮೊದಲನೆಯದು ಕಾಲ. ವಯನಾಡಿನಲ್ಲಿ ಬಲವಾಗಿ ಮಳೆ ಹಿಡಿದರೆ ಕಬಿನಿ ಜಲಾಶಯದಿಂದ ಬಿಟ್ಟ ನೀರು ನಂಜನಗೂಡನ್ನು ಹಾದು ಸಂಗಮಕ್ಕೆ ಬರುತ್ತದೆ. ಇಲ್ಲಿ ಆಕಾಶವು ತಿಳಿಯಾಗಿದ್ದರೂ ಹೊಳೆಯು ಉಕ್ಕೀತು. ಆದುದರಿಂದ ಮಳೆಗಾಲದಲ್ಲಿ ಮಕ್ಕಳನ್ನು ಹತ್ತಿಸಕೂಡದು.

ಎರಡನೆಯದು ಲೈಫ್ ಜಾಕೆಟ್ಟು. ದೊಡ್ಡವರದನ್ನು ಕೂಸಿಗೆ ತೊಡಿಸಿದರೆ ನೀರಿನಲ್ಲಿ ಅದು ಮೇಲಕ್ಕೆ ಜಾರಿ, ಮಗುವು ಕೆಳಗುಳಿಯುವುದು. ತೊಡಿಸಿದ ಬಳಿಕ ಭುಜದೆಡೆಯಲ್ಲಿ ಹಿಡಿದೆತ್ತಿ ನೋಡಬೇಕು. ಗಲ್ಲವನ್ನು ದಾಟಿ ಜಾರಿದರೆ ಅದು ಕೆಲಸಕ್ಕೆ ಬಾರದು. ಅಳತೆಯದು ದೊರೆಯದಿದ್ದರೆ ದಡದಲ್ಲಿಯೇ ನಿಲ್ಲುವುದು ಲೇಸು.

ಮಗುವನ್ನು ಸೆರಗಿನಿಂದ ಮೈಗೆ ಕಟ್ಟಿಕೊಳ್ಳುವುದು ಕೂಡದು. ನೀರಿಗೆ ಬಿದ್ದಾಗ ಆ ಗಂಟು ಇಬ್ಬರಿಗೂ ಅಪಾಯಕರ. ನೋಟವನ್ನು ತೋರಿಸಲೆಂದು ಎಲ್ಲರೂ ಒಂದೇ ಕಡೆಗೆ ಬಾಗಿದರೆ ಹರಿಗೋಲು ಮಗುಚೀತು. ತಳದಲ್ಲಿ ಸುತ್ತಲೂ ಸಮನಾಗಿ ಕುಳಿತು, ಒಂದೊಂದು ಮಗುವಿಗೆ ಒಬ್ಬೊಬ್ಬ ಹಿರಿಯರು ಇರತಕ್ಕದ್ದು. ಗಿರಗಿರನೆ ತಿರುಗಿಸೆಂದು ಅಂಬಿಗನನ್ನು ಒತ್ತಾಯಿಸಬಾರದು.

ಅಂಬಿಗನು “ಇಂದು ಬೇಡ ಸ್ವಾಮಿ” ಎಂದರೆ ಹೆಚ್ಚಿನ ಹಣದ ಆಸೆ ತೋರಿಸದೆ ಹಿಂದಿರುಗಿರಿ. ಹೊಳೆಯನ್ನು ಬಲ್ಲವನು ಅವನೇ.